ಏಳನೇ ಇಯತ್ತೆ, ನಾಕನೇ ತಾಸು

ಬೆಟಗೇರಿ ಸಾಲಿಯೊಳಗ ನನ್ನ ಕೆಲಸ ಕ್ರಿಯಾಪದ ಕಲಿಸೂದು.
ಇವತ್ತು ಹಲಗಿ ಮ್ಯಾಲೆ ಬರದೆ: ಕ್ಷಮಿಸಿ.
ಓದ್ರಿ ಅಂದೆ. ಓದಿದರು, ನಲವತ್ತೊಂದು ಬಾಯಿ.
ಒಬ್ಬರ ಮಾರಿಯೊಳಗೂ ಅದು ಇಳೀಲಿಲ್ಲ.
"ಇದು ಗದಗ ಟೇಶನ್ನಿನ ಮೈಕಿನ ಮಾತ್ರಿ," ಅಂದಳು ಕಳಕವ್ವ,
"ಗಾಡಿ ತಡ ಆದ್ರ ಹೇಳ್ತಾರ."

ಹಂಗಾರ ನಿಮ್ಮನಿಯಾಗ ಏನಂತೀರಿ?
ದಾವಲಸಾಬ ಎದ್ದ: "ಮಾಫ್ ಕರೋ ಅಂತೀವ್ರಿ,
ಬಾಗಲಿಗೆ ಬಂದ ಫಕೀರಗ, ಚಿಲ್ಲರೆ ಇಲ್ಲದಾಗ."
"ನಮ್ಮಲ್ಲಿ ಏನೂ ಅನ್ನೂದಿಲ್ರಿ," ಹಿಂದಿನ ಬಾಕಿನಿಂದ ಒಂದು ದನಿ,
"ಅಪ್ಪ ಸಂಜೀಕ ಮಿರ್ಚಿ ಕಟ್ಟಿಸಿಕೊಂಡು ಬರ್ತಾನ.
ಅವ್ವ ಒಲ್ಲೆ ಅಂತಾಳ.
ಆಮ್ಯಾಲೆ ತೊಟ್ಟು ಮುರೀತಾಳ."

ಹಲಗಿ ಒರಸಿ ಬರದೆ: ತಪ್ಪಾತು.
ಇದು ನಮ್ಮ ಮಾತು. ಆದ್ರ ಕರ್ತೃ ಎಲ್ಲಿ, ಹುಡುಕ್ರಿ.
ಹುಡುಕಿದರು. ಸಿಗಲಿಲ್ಲ.
ತಪ್ಪು ತಾನ ಆಗೇತಿ, ಮುಂಜಾನಿ ಆದ್ಹಂಗ.
ಗಾಜು ಒಡೀತು, ಕಂಪಾಸ ಕಳೀತು, ಅಂಗಿ ಹರೀತು.
ಇಡೀ ಸಾಲಿಯೊಳಗ ಯಾರೂ ಏನೂ ಮಾಡಿಲ್ಲ.

ಈಗ ನೋಡ್ರಿ: ಒಡದೆ. ಕಳದೆ. ಹರದೆ.
ದಕಾರಕ್ಕ ಎತ್ವ ಕೊಟ್ರ ದೆ.
ಆ ಎತ್ವ ಐತಲ್ಲ, ಸಣ್ಣ ಕೊಕ್ಕಿ,
ಅದಕ್ಕ ಜೋತು ಬಿದ್ದೈತಿ 'ನಾನು'.

ದಾವಲಸಾಬ ಭಾಳ ಹೊತ್ತು ಬಾಕು ಕೆರದ.
"ಹರದೆ," ಅಂದ, ಬಾಕಿಗೆ ಹೇಳಿದ್ಹಂಗ.
ಯಾರ ಅಂಗಿ?
ಗದ್ದ ಎತ್ತಿ ತೋರಿಸಿದ: ಗೇಮಪ್ಪ,
ಮೊನ್ನಿಯಿಂದ ಎರಡು ಗುಂಡಿ ಇಲ್ಲದ ಗೇಮಪ್ಪ ಲಮಾಣಿ.

ಗೇಮಪ್ಪ ಅವನ ಕಡೆ ನೋಡಲಿಲ್ಲ.
"ಟೀಚರ್, 'ನಕ್ಕರು' ಅಂದ್ರ ಯಾವ ಪುರುಷರಿ?"
ಪ್ರಥಮ ಪುರುಷ, ಬಹುವಚನ, ಅಂದೆ.
"ಒಬ್ಬರಿಗೂ ಹತ್ತೈತಲ್ರಿ? ಗೌರವಕ್ಕ?"

ಜೂನ್ ತಿಂಗಳು. ಹಾಜರಿ.
ಗೇಮಪ್ಪ ಅಂತ ಕರದೆ ನಾನು,
ಯಾರೋ ಅಂದರು, "ಡೌನ್‌ಲೋಡ್ ಮಾಡ್ರಲೇ ಇವನ್ನ."
ಸಾಲಿ ಹಂಚು ಹಾರೂಹಂಗ ನಗು.
ನಾನು ಪಟ್ಟಿ ಅಡ್ಡ ಹಿಡದಿದ್ದೆ, ಮಾರಿಗೆ.
ಕಾಣಲಿಲ್ಲ ಅಂದ್ಕೊಂಡಿದ್ದೆ.

'ನಕ್ಕರು' ಬರದೆ. 'ರು' ಒರಸಿದೆ.
ಕಕಾರಕ್ಕ ಎತ್ವ ಕೊಡಬೇಕು, ಅಷ್ಟ.
ಇಪ್ಪತ್ತೆರಡು ವರ್ಷ ಕೊಟ್ಟ ಕೈ.
ಸುಣ್ಣದ ಕಡ್ಡಿ ಮುರೀತು.
ಅಲ್ಲ, ಮುರದೆ.

ಹೊಟ್ಟಿಯಾಗ ಹಾಕ್ಕೋಪಾ ಅನ್ನೂದು ನಾಲಿಗಿ ತನಕ ಬಂತು.
ಬಿಸಿಊಟಕ್ಕ ಇನ್ನೂ ಅರ್ಧ ತಾಸು,
ಮುಂಜಾನಿ ತಾಂಡಾದಿಂದ ನಡಕೊಂಡು ಬಂದ ಹೊಟ್ಟಿ,
ಅದರಾಗ ನನ್ನದೂ ಹಾಕೂದ?
ನುಂಗಿದೆ.

"ನಕ್ಕೆ, ಗೇಮಪ್ಪ," ಅಂದೆ.

ಯಾರೂ ನಗಲಿಲ್ಲ. ಅವನೂ ಏನೂ ಅನ್ನಲಿಲ್ಲ.
ಕೂತ, ವಹಿ ತಗದ,
ಉತ್ತಮ ಪುರುಷ ಅಂತ ಬರದು ಕೆಳಗ ಗೆರಿ ಎಳದ,
ನಕ್ಕೆ ಅಂತ ಬರಕೊಂಡ,
ಉಳಿದ ಉದಾಹರಣೆಗಳ ಸಾಲಿನೊಳಗ,
ಹರದೆ ಅನ್ನೂದರ ಮಗ್ಗಲಕ್ಕ.