ಎರಡು ತಾಸಿಗೊಮ್ಮೆ

ಹೆಡ್ ಪೋಸ್ಟಾಫೀಸಿನ ಪಾಸ್‌ಪೋರ್ಟ್ ಕೌಂಟರಿನಾಗ
"ಯಾಕ ಹೊಂಟೀರಿ?" ಅಂತ ಕೇಳಿದ ಹುಡುಗ.
ಮೆಹಜಬೀನ್ ನನ್ನ ಮಾರಿ ನೋಡಿದಳು,
ನಾ ಅಕಿ ಮಾರಿ.
"ಸಮುದ್ರ ನೋಡ್ಲಿಕ್ಕ" ಅಂದೆ.
ಹಂಥಾ ಖಾನೆ ಫಾರ್ಮಿನಾಗ ಇದ್ದಿದ್ದಿಲ್ಲ.

ನಮ್ಮ ಗುರ್ತು ಕಲಬುರಗಿ ದವಾಖಾನಿ ವರಾಂಡದ್ದು.
ಒಂಬತ್ತನೇ ಹಾಸಿಗಿ ನನ್ನ ತಮ್ಮ ಚಂದ್ರಶಾ,
ಶಹಾಬಾದ್ ಖಣಿಯಾಗ ಕಾಲು ಜಾರಿ
ಬೆನ್ನು ಮುರಕೊಂಡಂವ.
ಹತ್ತನೇದು ಅಕಿ ಅಮ್ಮಿ, ಲಕ್ವಾ.
"ಎರಡು ತಾಸಿಗೊಮ್ಮೆ ಮಗ್ಗಲು ಹೊಳ್ಳಸ್ರಿ,
ಇಲ್ಲಾಂದ್ರ ಹುಣ್ಣಾಗ್ತದ" ಅಂದಿದ್ದಳು ಸಿಸ್ಟರ್.
ಒಬ್ಬಕಿ ಹೆಗಲು ಹಿಡಿದ್ರ ಇನ್ನೊಬ್ಬಕಿ ಸೊಂಟ.
ಮೊದಲು ಅಂವಂದು, ಆಮ್ಯಾಲ ಅಮ್ಮಿದು.
ಮನಿಗಿ ಒಯ್ದ ಮ್ಯಾಲೂ ಹದಿನಾಲ್ಕು ತಿಂಗಳು
ರಾತ್ರಿ ಎರಡಕ್ಕ ಫೋನು:
"ಎದ್ದೀ?"
"ಎದ್ದೀನಿ."
"ಹೊಳ್ಳಸಿದಿ?"
"ಹ್ಞೂಂ."
ಅಷ್ಟೇ ಮಾತು.

ಅಂವ ಯುಗಾದಿ ಮುಂದ ಹೋದ,
ಅಮ್ಮಿ ಮಳಿ ಹಿಡಿದ ಮ್ಯಾಲ.
ಖಾಲಿ ಮಂಚದ ಮುಂದ
ನಮ್ಮ ನಾಕೂ ಕೈಗೆ ಕೆಲಸ ಇಲ್ಲದಂಗಾತು.
ಅಕಿ ಏರ್‌ಬೆಡ್ ಮಾರಿದಳು, ನಾ ಭಿಶಿ ಎತ್ತಿದೆ.
"ವರ್ಷ ತುಂಬಿಲ್ಲ, ಫಾರಿನ್ ಹೊಂಟಾರಂತ" ಅಂತು ಓಣಿ.
"ಹೌದ್ರಿ, ನಿಮಗೇನು ತರೂಣು?" ಅಂದಳು ಮೆಹಜಬೀನ್.

ಹೈದರಾಬಾದಿನಿಂದ ಕೊಲಂಬೊ.
ಶೇಂಗಾ ಹಿಂಡಿ ಡಬ್ಬಿ ತೆಗಿಸಿ ಮೂಸಿ ನೋಡಿ
ಸೀನಿದ ಕಸ್ಟಮ್ಸಿನಂವ.

ಮೊದಲನೇ ದಿನ ಗುಡಿ.
ಗ್ವಾಡಿ ಉದ್ದಕ್ಕೂ ಮಲಗಿದ ಬುದ್ಧ,
ಸುತ್ತ ಬಿಳಿ ಸೀರಿ, ಬಿಳಿ ಹೂವು, ಗಪ್‌ಚಿಪ್.
ಮೆಹಜಬೀನ್ ಕಿವಿಯಾಗ ಅಂದಳು:
"ಎಷ್ಟು ವರ್ಷಾತೊ ಬಲ ಮಗ್ಗಲದಾಗ,
ಯಾರೂ ಹೊಳ್ಳಸೇ ಇಲ್ಲ ನೋಡು."
ಹೊರಗ ಓಡಿ ಬಂದು
ಚಪ್ಪಲಿ ಬಿಡೂ ಕಟ್ಟಿ ಮ್ಯಾಲ ಕುಂತು ನಕ್ಕಿವಿ,
ಹೊಟ್ಟಿ ಹಿಡಕೊಂಡು, ಸೆರಗು ಬಾಯಾಗ ತುರಕೊಂಡು,
ನಗ್ತ ನಗ್ತ ಅಕಿ ಬಿಕ್ಕಲಿಕ್ಕ ಹತ್ತಿದಳು.
ಟುಕ್‌ಟುಕ್ಕಿನ ನಿಹಾಲ್ ಏನೂ ಕೇಳಲಿಲ್ಲ.
ಕೇಸರಿ ಬಣ್ಣದ ಎಳನೀರು ಎರಡು ಕೆತ್ತಿಸಿ ತಂದ.

ಗಾಲೆ ಕ್ವಾಟಿ ನೋಡಿದ್ವಿ.
ನಮ್ಮೂರ ಕ್ವಾಟಿಯಂಗೇ ಮಾರಿ ಮ್ಯಾಲ ಪಾಚಿ;
ಇದರ ಕಂದಕದಾಗ ಮಾತ್ರ ದಂಡಿ ಕಾಣದ ನೀರು.

ಬೆಂತೋಟದಾಗ ಬುರ್ಖಾ ಮೊಣಕಾಲಿಗಿ ಎತ್ತಿ
ನಿಂತೇ ಬಿಟ್ಟಳು ಅಕಿ.
ತೆರಿ ಹಿಂದ ಸರಿದಾಗ
ಅಂಗಾಲ ಕೆಳಗಿನ ಉಸುಕು ಜಾರಿತು,
ನಾ "ಚಂದ್ರ್ಯಾ" ಅಂತ ಒದರಿದೆ.
ಅಂವ ಜಾರಿದ ದಿನ ನಾ ಅಲ್ಲಿ ಇದ್ದಿದ್ದಿಲ್ಲ.
ಅಕಿ ನನ್ನ ಸೊಂಟ ಹಿಡಿದಳು,
ಹಿಡಿಯೂ ರೂಢಿ ಅದಲ್ಲ ಆ ಕೈಗೆ.

ರಾತ್ರಿ ಎರಡಕ್ಕ ಇಬ್ಬರಿಗೂ ಎಚ್ಚರ.
ಫೋನ್ ಬೇಡಾಗಿತ್ತು, ಒಂದೇ ಕೋಲಿ.
"ಎದ್ದೀ?" "ಎದ್ದೀನಿ."
ಮುಂದಿನ ಮಾತು ಇಬ್ಬರಿಗೂ ಬರಲಿಲ್ಲ.
ಬಾಗಿಲ ತೆಗೆದು ಪಡಸಾಲ್ಯಾಗ ಕುಂತ್ವಿ.
ಕತ್ತಲಾಗ ಸಮುದ್ರ
ಮುಲುಗತ, ಹೊಳ್ಳತ,
ತನ್ನ ಮಗ್ಗಲು ತಾನೇ ಬದಲಿಸತಿತ್ತು.
ಯಾರ ಕೈಯೂ ಹಚ್ಚಲಿಲ್ಲ ಅದಕ್ಕ.
ಎಷ್ಟೋ ಹೊತ್ತು ನೋಡಿದ್ವಿ.
ಆಮ್ಯಾಲ ಅಕಿ ಕುರ್ಚ್ಯಾಗೇ ಮಲಗಿದಳು, ಬಾಯಿ ತೆರಕೊಂಡು.
ಬಿಸಿಲು ಬರೂತನ ಎಬ್ಬಸಲಿಲ್ಲ ನಾ.

ಬೆಳಿಗ್ಗಿ ನೀರು ದೂರ ಹೋಗಿತ್ತು.
ಹಸಿ ಉಸುಕಿನ ಮ್ಯಾಲ ಗೆರಿ, ಗೆರಿ, ಗೆರಿ.
ಇದನ್ನ ಎಲ್ಲೋ ನೋಡೀನಲ್ಲ ಅಂತ
ರೊಟ್ಟಿ ಮುರಿದುಕೋತ ನಿಂತೆ.
ನಮ್ಮ ಅಡಗಿಮನಿ ಫರಸಿ!
ಒಲಿ ಮುಂದಿನ ಕಲ್ಲಿನಾಗ ಹಿಂಥಾವೇ ಗೆರಿ.
ಅದನ್ನ ಹಾಸಿದ ದಿನ ಚಂದ್ರಶಾ
ಕೈಯಾಡಿಸಿ ಅಂದಿದ್ದ: "ಜಗದೇವಕ್ಕ, ಇವು ನೀರಿನ ಗೆರಿ."
"ಹುಚ್ಚ್ಯಾ, ಈ ಬಿಸಿಲನಾಡಿನಾಗ ಎಲ್ಲಿ ನೀರೊ" ಅಂದಿದ್ದೆ.

ಓಣಿಗಿ ದಾಲ್ಚಿನ್ನಿ ಹಂಚಿದೆ. ತಗೊಂಡ್ರು, ಮೂಸಿದ್ರು.
"ಹೆಂಗಿತ್ತವಾ?" ಅಂದ್ರು. "ಉಪ್ಪಿತ್ತು" ಅಂದೆ.

ಈಗೂ ಎರಡಕ್ಕ ಎಚ್ಚರಾಗ್ತದ, ಸುಳ್ಳ್ಯಾಕ.
ಎದ್ದು ಒಲಿ ಮುಂದ ಬರಿಗಾಲಲ್ಲಿ ನಿಂದರ್ತೀನಿ.
ಕಲ್ಲು ತಣ್ಣಗ ಇರ್ತದ.
ಒಮ್ಮೊಮ್ಮೆ ಫೋನ್ ಬರ್ತದ:
"ಎದ್ದೀ?"
"ಇಲ್ಲ," ಅಂತೀನಿ, "ನೀರಾಗ ಅದೀನಿ."