ಸೊನ್ನೆ ನಂಬರಿನ ಚೀಲ

ಗಂಜಿನ ಹಿಂದಿನ ಓಣಿ,
ಜೆರಾಕ್ಸ್ ಅಂಗಡಿಯ ಮೇಲೆ ನನ್ನ ಕೋಣೆ.
ಫ್ಯಾನಿಗೂ ತೊಗರಿಯ ಧೂಳು, ಕೀಲಿಮಣೆಗೂ.
ಮಧ್ಯಾಹ್ನ ಮೈಲಾರಿ ಮೆಟ್ಟಿಲು ಹತ್ತಿ ಬಂದ,
ಚೀಲ ಎತ್ತುವ ಕೊಕ್ಕೆ ಹೆಗಲಿಂದ ಇಳಿಸದೆಯೇ
ಫೋನು ನನ್ನ ಮೂಗಿಗೆ ಹಿಡಿದ:
"ಅಕ್ಕಾ, ಹದಿನೇಳನೇ ಚೀಲ ಒತ್ತಿದ್ರ
ಎಲ್ಲೂ ಇಲ್ಲದ ಮನಿಗಿ ಒಯ್ಲಾಕತ್ತದ ನೋಡ್ರಿ."

ವಿಳಾಸದ ಕೊನೆಗೊಂದು ಓರೆಗೀಟು.
ಗೀಟಿನಾಚೆ ಏನೂ ಇಲ್ಲ.

ತಪ್ಪು ನನ್ನದೇ.
ಸರ್ವರು ಪುಟ ಬರೆದು ಕೈ ತೊಳೆದುಕೊಂಡ ಹೊತ್ತಿಗೆ
ಮೈಲಾರಿ ಇನ್ನೂ ಚೀಲ ಆರಿಸಿರಲಿಲ್ಲ.
ದಾರಿ ಹೇಳುವವನು ಹೇಳಿ ಎದ್ದುಹೋದ,
ಊರ ಹೆಸರು ಬಾಯಿಗೆ ಬಂದದ್ದು ಆಮೇಲೆ.
ಹಿಂದೆ ಮುಂದೆ ಹುಟ್ಟಿದ ಆ ಇಬ್ಬರನ್ನು
ಒಂದೇ ಸಾಲಲ್ಲಿ ಕೂಡಿಸಿ
ಮಾತಾಡಿಕೊಳ್ಳಿ ಎಂದಿದ್ದೆ ನಾನು.

ಸರಿ, ದಾರಿಯನ್ನು ನಾನೇ ಕೈಯಾರೆ ಬರೆದೆ,
ತುದಿಗೊಂದು ಕೂಡುವ ಗುರುತು, ಅದರಾಚೆ ಹದಿನೇಳು.
ನಾಲ್ಕು ದಿನ ಓಡಿತು.
ಐದನೆಯ ದಿನ ಸಾವುಕಾರರು ಇಡೀ ಲೆಕ್ಕವನ್ನು
ಬೇರೆ ವಿಳಾಸದೊಳಗೆ ಸರಿಸಿದರು.
ಗುಲಬರ್ಗಾ ಎಂದಿರುವ ಹಳೇ ಬೋರ್ಡು ಓದಿ ಬಸ್ಸು ಹತ್ತಿದವರು
ಹೇಗೋ ಕಲಬುರಗಿಯಲ್ಲಿ ಇಳಿಯುತ್ತಾರೆ.
ಯಂತ್ರಕ್ಕೆ ಅಷ್ಟು ಕನಿಕರ ಇಲ್ಲ.

ಆಗ ಸರ್ವರನ್ನೇ ಕೇಳಿದೆ:
ಒಂದು ಚೀಲದ ದಾರಿ ಹೇಳು.
ಯಾವ ಚೀಲ?
ಸೊನ್ನೆ ನಂಬರಿನದು, ಅಂದೆ.
ಗಂಜಿನಲ್ಲಿ ಸೊನ್ನೆಯ ಚೀಲ ಎಂದೂ ಇಳಿದಿಲ್ಲ,
ಹಮಾಲರ ಎಣಿಕೆ ಒಂದರಿಂದಲೇ.
ಆದರೂ ಅದು ಅನುಮಾನಿಸದೆ
ಇಲ್ಲದ ಚೀಲಕ್ಕೆ ಚೊಕ್ಕ ದಾರಿ ಬರೆದುಕೊಟ್ಟಿತು.
ಇನ್ನು ಈ ಕಡೆ, ಮೈಲಾರಿಯ ಬೆರಳು ತಾಗಿದ ಕ್ಷಣ
ಸೊನ್ನೆಯನ್ನೆಬ್ಬಿಸಿ ಹದಿನೇಳನ್ನು ಕೂರಿಸುವುದು, ಅಷ್ಟೇ.

ಅಷ್ಟೇ ಅಲ್ಲ.
ವಿಳಾಸದಲ್ಲಿ ಇಸವಿಯೂ ಇತ್ತು, ಇಸವಿಯಲ್ಲೊಂದು ಸೊನ್ನೆ.
ಮೊದಲು ಸಿಕ್ಕ ಅದನ್ನೇ ಎಬ್ಬಿಸಿಬಿಟ್ಟೆ.
2024 ಹೋಗಿ 21724 ಆಯಿತು.
ಮೈಲಾರಿ ಆ ಕಾಲಕ್ಕೂ ಹೋಗಿ ಬಂದು ಹೇಳಿದ:
"ಅಲ್ಲೂ ತೊಗರಿ ರೇಟು ಹಾಕಿಲ್ಲ ಅಕ್ಕಾ."

ಐದು ಸೊನ್ನೆ ಸಾಲಾಗಿ ನಿಲ್ಲಿಸಿದೆ.
17/ಬ ಎಂಬ ಚೀಲ ಬಂದರೆ
ನಡುವಿನ ಗೀಟನ್ನು ದಾರಿಯ ತಿರುವೆಂದು ತಿಳಿಯದಂತೆ
ಬಟ್ಟೆ ಸುತ್ತಿ ಕಳಿಸಿದೆ.
ಓಡಿತು.

ರಾತ್ರಿ, ಪರೀಕ್ಷೆಗೆಂದು ನನ್ನದೇ ಹೆಸರು ತುಂಬುತ್ತಿದ್ದೆ.
ಜಗದೇವಿ. ಹುಟ್ಟಿದ ದಿನ, ಜೂನ್ ಒಂದು.
ಬೆರಳು ಅಲ್ಲೇ ನಿಂತಿತು.

ಒಂದನೇ ಈಯತ್ತೆ. ಗುಂಡೇರಾವ್ ಮಾಸ್ತರರ ಮುಂದೆ
ದಪ್ಪ ರಟ್ಟಿನ ದಾಖಲಾತಿ ಪುಸ್ತಕ.
"ಸದ್ಯಕ್ಕ ಇದಿರ್ಲಿ, ಆಮ್ಯಾಲ ತಿದ್ದಿಸ್ಕೊಳ್ರಿ."
ಮೂವತ್ತನಾಲ್ಕು ಮಕ್ಕಳು, ಇಪ್ಪತ್ತೆರಡು ಮಂದಿ
ಒಂದೇ ದಿನ ಹುಟ್ಟಿದೆವು.
ಆಮ್ಯಾಲ ಬರಲಿಲ್ಲ.
ಹತ್ತನೆಯ ಅಂಕಪಟ್ಟಿ, ಆಧಾರು, ಬ್ಯಾಂಕು,
ಎಲ್ಲದರಲ್ಲೂ ಆ ಸೊನ್ನೆಯೇ
ನನ್ನ ಜಾಗದಲ್ಲಿ ಕೂತು ಸಹಿ ಹಾಕುತ್ತ ಬಂದಿದೆ.

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.
"ನಾ ಹುಟ್ಟಿದ್ದು ಖರೇ ಯಾವತ್ತವ್ವಾ?"
ಬಡಿತ ನಿಲ್ಲಲಿಲ್ಲ.
"ಸೀಗಿ ಹುಣ್ಣಿಮಿ ಆಗಿ ನಾಕ್ ದಿನ.
ತೊಗರಿ ಹೂವಿಗಿ ಬಂದಿತ್ತು, ಲೈಟ್ ಹೋಗಿತ್ತು."
"ಇಸವಿ?"
"ನಿಮ್ಮಣ್ಣ ಗ್ವಾಡಿ ಹಾರಿ ಕೈ ಮುರ್ಕೊಂಡನಲ್ಲ, ಆ ವರ್ಷ."

ಎರಡಂಕಿ, ಎರಡಂಕಿ, ನಾಲ್ಕಂಕಿಯ ಖಾನೆ
ಮಿಣುಕುತ್ತ ಕಾಯುತ್ತಿತ್ತು.
ಹೂವನ್ನು, ಕತ್ತಲನ್ನು, ಮುರಿದ ಕೈಯನ್ನು
ಒಡೆಯದಂತೆ ಸುತ್ತಿ ಕಳಿಸಲು
ನನಗೆ ಗೊತ್ತಿದ್ದ ಯಾವ ಬಟ್ಟೆಯೂ ಸಾಲಲಿಲ್ಲ.

ಮರುದಿನ ಮೈಲಾರಿ ಮೆಟ್ಟಿಲ ಬುಡದಿಂದಲೇ ಕೂಗಿದ:
"ಹದಿನೇಳಕ್ಕ ಹದಿನೇಳಕ್ಕೇ ಹೋಯ್ತ್ರಿ ಅಕ್ಕಾ!"
ನೀ ಹುಟ್ಟಿದ್ದು ಯಾವತ್ತೋ, ಕೇಳಿದೆ.
ಕೊಕ್ಕೆಯಿಂದ ಬೆನ್ನು ಕೆರೆದುಕೊಳ್ಳುತ್ತ ನಕ್ಕ.
"ಜೂನ್ ಒಂದ್ರಿ.
ಎಲ್ಲಾರದೂ ಅದೇ ಇರ್ತದಲ್ಲೇನ್ರಿ?"