ನಿಲ್ಲಲಿ ಎಂಬವನ ನಡಿಗೆ

ನಾರಿನ್ ಆಸ್ಪತ್ರೆಯ ಹಿಂಬದಿಯ ಪಡಸಾಲೆ, ಮೂವತ್ತು ಮೀಟರು.
ಆ ತುದಿಗೊಂದು ಈ ತುದಿಗೊಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಶಂಕು.
ಮಂಗಳವಾರ, ಶುಕ್ರವಾರ
ಇಲ್ಲಿ ಹೋಗುತ್ತೇವೆ, ಬರುತ್ತೇವೆ,
ಯಾವ ಊರೂ ಮುಟ್ಟುವುದಿಲ್ಲ.

ಮೊದಲ ದಿನ ಬೆರ್ಮೆತ್, ಮೊಮ್ಮಗಳ ವಯಸ್ಸಿನವಳು,
ತುಟಿ ಕಿರಿದು ಮಾಡಿ ತೋರಿಸಿದಳು:
ಮೂಗಲ್ಲಿ ಎಳೆದುಕೊಳ್ಳಿ ಅಜ್ಜಿ,
ಬಾಯಲ್ಲಿ ಮೆಲ್ಲಗೆ ಊದಿ, ಬಿಸಿ ಚಹಾ ಆರಿಸುವ ಹಾಗೆ.
ನಗು ಬಂತು. ನಗುವಿನ ಬೆನ್ನಿಗೆ ಕೆಮ್ಮು.
ಊದುವುದನ್ನು ನನಗೆ ಕಲಿಸುತ್ತೀಯೇನೇ?
ನಲವತ್ತು ಚಳಿಗಾಲ ಬೆರಣಿಯ ಒಲೆ ಊದಿದವಳಿಗೆ?
ನಾನು ಒಲೆಗೆ ಊದಿದೆ,
ಒಲೆ ನನಗೆ ಊದಿತು.

ಕಾಸಿಮ್‌ಬೆಕ್ ಕಲ್ಲಿದ್ದಲ ಗಣಿಯವನು.
ಅವನಿಗೆ ಪಿಂಚಣಿ ಬಂದಿದೆ, ಎದೆ ಇನ್ನೂ ರಾತ್ರಿ ಪಾಳಿಯಲ್ಲಿದೆ.
ಉಣ್ಣೆ ತುಳಿದು ಕಂಬಳಿ ಮಾಡುತ್ತಿದ್ದ ನುರಿಯಾಳ
ಶ್ವಾಸಕೋಶವೇ ಈಗ ಕಂಬಳಿಯಂತೆ ಗಟ್ಟಿ.
ಯಾರು ತುಳಿದರೋ, ಡಾಕ್ಟರಿಗೂ ಗೊತ್ತಿಲ್ಲ.

ತೋಕ್ತೊಸುನ್‌ನ ಕ್ಷಯ ವಾಸಿಯಾಗಿ ಹದಿನಾಲ್ಕು ವರ್ಷ.
ಹೋಗುವಾಗ ಎಡಗಡೆಯ ಅರ್ಧವನ್ನು ಕೊಂಡೊಯ್ದಿದೆ.
ಅವನ ಹೆಸರಿಗೆ 'ನಿಲ್ಲಲಿ' ಎಂದರ್ಥ.
ಅವನಿಗಿಂತ ಮೊದಲು ಆ ತಾಯಿಗೆ ಮೂರು ಮಕ್ಕಳು
ನಿಲ್ಲಲಿಲ್ಲ.
'ನಿಲ್ಲು ಅಂತ ಹೆಸರಿಟ್ಟಳು ಅಮ್ಮ,
ನೀನು ನಡಿ ಅಂತೀಯ. ಯಾರ ಮಾತು ಕೇಳಲಿ?'
ಎಂದು ಗೋಡೆಗೆ ಕೈಕೊಟ್ಟು ಏದುಸಿರಲ್ಲೂ ವಾದಿಸುವವನು.
ಕುರಿ ಮಾರಿದ್ದಾನೆ. ಕುದುರೆ ಮಾತ್ರ ಇದೆ,
ಹತ್ತಲಾಗದ್ದು.

ಎಂಟನೆಯ ವಾರ. ಆರು ನಿಮಿಷದ ಪರೀಕ್ಷೆ.
ಬೆರ್ಮೆತ್ ಕೈಯಲ್ಲಿ ಗಡಿಯಾರ,
ಅವನ ಬೆರಳಿಗೆ ಆಮ್ಲಜನಕ ಎಣಿಸುವ ಚಿಮಟ.
ಬೆಂಚಿನ ಮೇಲೆ ನಾವು ಮೂವರು, ಕೆಮ್ಮನ್ನು ಅದುಮಿ.
ಎರಡನೆಯ ನಿಮಿಷಕ್ಕೆ ಗೋಡೆ ಹಿಡಿದ.
ಮೂರಕ್ಕೆ ಬಿಟ್ಟ.
ನಾಲ್ಕರಲ್ಲಿ ಅವನ ಬೂಟಿನ ಸದ್ದಿಗೆ ನುರಿಯಾ ತಲೆದೂಗುತ್ತಿದ್ದಳು.
ಐದು.
ಕಾಸಿಮ್‌ಬೆಕ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ಆರು ಮುಗಿಯಿತು. ನಿಯಮವೇನೆಂದರೆ
ಇದ್ದ ಜಾಗದಲ್ಲೇ ನಿಲ್ಲಬೇಕು, ಟೇಪು ಹಿಡಿದು ಅಳೆಯುತ್ತಾಳೆ.
'ತೋಕ್ತೊ!' ಎಂದು ಕೂಗಿದಳು.
ನಮ್ಮ ಮಾತಿನಲ್ಲಿ ಅದು 'ನಿಲ್ಲು'.
ಮನೆಯಲ್ಲಿ ಅವನನ್ನು ಕರೆಯುವುದೂ ಹಾಗೆಯೇ.

ಕರೆದವರ ಕಡೆಗಲ್ಲವೇ ಯಾರಾದರೂ ಹೋಗುವುದು?
ಶಂಕುವನ್ನು ದಾಟಿ ಅವಳ ಕಡೆಗೆ ಬಂದ,
'ಏನು, ಕರೆದೆಯಾ?' ಎನ್ನುತ್ತ,
ಇಡೀ ಮಾತು, ಒಂದೇ ಉಸಿರಿಗೆ.

ಅಳತೆ ಕೆಟ್ಟಿತು. ಕಾಗದದಲ್ಲಿ ಆ ಮನೆ ಖಾಲಿ.
ಶುಕ್ರವಾರ ಮತ್ತೆ ನಡೆಯಬೇಕಂತೆ.
ಬೈಯುತ್ತಲೇ ಹುಡುಗಿ ಎಲ್ಲರಿಗೂ ಚಹಾ ಬಗ್ಗಿಸಿದಳು.
ಬಿಸಿಯಿತ್ತು.
ನಾವು ನಾಲ್ವರೂ ತುಟಿ ಕಿರಿದು ಮಾಡಿದೆವು.